ಶುಕ್ರವಾರ ರಾತ್ರಿ ಬ್ಯಾಗು ಕಟ್ಟುವ ಮುಂಚೆ: ಎರಡು ದಿನಕ್ಕೆ ಯಾವ ಊರು?

ಗುರುವಾರ ಸಂಜೆಯಾದರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರತೊಡಗುತ್ತದೆ. "ಶನಿವಾರ ಭಾನುವಾರ ಎಲ್ಲಾದ್ರೂ ಹೋಗೋಣ ಅಂತಿದೀವಿ, ಎಲ್ಲಿಗೆ ಹೋಗ್ಬಹುದು ಹೇಳು ಮಾರಾಯ." ಕೇಳುವವರಲ್ಲಿ ಎರಡು ವರ್ಷದ ಮಗುವಿನ ಅಪ್ಪನಿದ್ದಾನೆ, ಮಂಡಿನೋವಿನ ಅತ್ತೆಯನ್ನು ಬಿಟ್ಟು ಹೊರಡಲಾಗದ ಸೊಸೆಯಿದ್ದಾಳೆ, ತಿಂಗಳ ಕೊನೆಗೆ ಜೇಬು ತಡಕಿಕೊಳ್ಳುವ ಹೊಸ ಕೆಲಸದ ಹುಡುಗರಿದ್ದಾರೆ. ಪರಿಸ್ಥಿತಿ ಬೇರೆ ಬೇರೆಯಾದರೂ ತಲೆಯಲ್ಲಿರುವುದು ಅದೇ ನಾಲ್ಕು ಹೆಸರು: ಮಡಿಕೇರಿ, ಚಿಕ್ಕಮಗಳೂರು, ಹಂಪಿ, ಮೈಸೂರು. ಯಾವುದು ಚೆನ್ನಾಗಿದೆ ಅಂತ ಕೇಳಿದರೆ ಉತ್ತರವಿಲ್ಲ, ಎಲ್ಲವೂ ಚೆನ್ನಾಗಿಯೇ ಇವೆ. ನಿಮ್ಮ ಎರಡು ದಿನಕ್ಕೆ ಯಾವುದು ಒಗ್ಗುತ್ತದೆ ಅಂದರೆ ಮಾತಾಡಬಹುದು.

ಇಲ್ಲಿನ ಲೆಕ್ಕವೆಲ್ಲ ಬೆಂಗಳೂರಿನಿಂದ ಹೊರಡುವವರದು. ಹುಬ್ಬಳ್ಳಿ, ಮಂಗಳೂರು ಕಡೆಯವರು ಉಲ್ಟಾ ಓದಿಕೊಳ್ಳಲಿ, ಅವರಿಗಾಗಿಯೇ ಕೊನೆಯಲ್ಲಿ ಬೆಂಗಳೂರಿನ ಎರಡು ಬಡಾವಣೆಗಳನ್ನು ಇಟ್ಟಿದ್ದೇನೆ.

ಕಿಲೋಮೀಟರ್ ಬಿಡಿ, ಗಂಟೆ ಎಣಿಸಿ

ನನ್ನ ಮೊದಲ ಅಳತೆ ದೂರವಲ್ಲ. ಆ ಊರಿನಲ್ಲಿ ಎಚ್ಚರವಾಗಿ ಎಷ್ಟು ಗಂಟೆ ಇರುತ್ತೇವೆ ಅನ್ನುವುದು. ಮಡಿಕೇರಿ ಸುಮಾರು 265 ಕಿ.ಮೀ. ಶನಿವಾರ ಬೆಳಗಿನ ಜಾವ ಐದಕ್ಕೆ ಕಾರು ಹತ್ತಿದರೆ ತಲುಪುವಷ್ಟರಲ್ಲಿ ಹನ್ನೊಂದು. ಭಾನುವಾರ ರಾತ್ರಿ ಹೊತ್ತಿಗೆ ಸರಿಯಾಗಿ ಮನೆ ಸೇರಬೇಕಾದರೆ ಮಧ್ಯಾಹ್ನ ಎರಡಕ್ಕೆಲ್ಲ ಅಲ್ಲಿಂದ ಕಾಲು ಕೀಳಬೇಕು. ಅಂದರೆ 27 ಗಂಟೆ, ಅದರಲ್ಲಿ ಎಂಟು ನಿದ್ದೆಗೆ. ಉಳಿಯಿತು 19.

ಹಂಪಿಗೆ ಇಳಿಯಬೇಕಾದ ಹೊಸಪೇಟೆ ಸುಮಾರು 340 ಕಿ.ಮೀ. ಶುಕ್ರವಾರ ರಾತ್ರಿ ಹತ್ತರ ಸುಮಾರಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಏಳರ ಆಸುಪಾಸಿಗೆ ಅಲ್ಲಿರುತ್ತೀರಿ. ಭಾನುವಾರ ರಾತ್ರಿ ಊಟ ಮುಗಿಸಿ ಅದೇ ರೈಲು ಹತ್ತಿದರೆ ಸೋಮವಾರ ಬೆಳಗ್ಗೆ ಬೆಂಗಳೂರು. ಎಚ್ಚರದ ಗಂಟೆ ಎಷ್ಟಾಯಿತು? ಹತ್ತಿರ ಹತ್ತಿರ 29. ನಕ್ಷೆಯಲ್ಲಿ ಮಡಿಕೇರಿಗಿಂತ 75 ಕಿ.ಮೀ. ದೂರವಿರುವ ಊರು ಗಡಿಯಾರದಲ್ಲಿ ಹತ್ತು ಗಂಟೆ ಹತ್ತಿರ! ಈ ಒಂದು ಲೆಕ್ಕ ಹಾಕಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅರ್ಧ ಜಗಳ ಕಡಿಮೆಯಾಯಿತು.

ಎರಡನೆಯದು, ರೂಮಿನಲ್ಲಿ ಬ್ಯಾಗಿಟ್ಟ ಮೇಲೆ ಕಾಲ್ನಡಿಗೆಯಲ್ಲಿ ಊರು ಸಿಗುತ್ತದೋ ಇಲ್ಲವೋ. ಬೆಳಗ್ಗೆದ್ದು ಚಪ್ಪಲಿ ಮೆಟ್ಟಿ ಹೊರಟರೆ ಕಾಫಿ, ಹೂವಿನ ಅಂಗಡಿ, ಒಂದು ಗುಡಿ, ನಾಲ್ಕು ಜನರ ಮಾತು ಸಿಗಬೇಕು. ಪ್ರತಿಯೊಂದಕ್ಕೂ ಕಾರಿನ ಬಾಗಿಲು ತೆಗೆಯುವಂತಾದರೆ ಅದು ಊರಲ್ಲ, ಸ್ಪಾಟುಗಳ ಪಟ್ಟಿ.

ಮೂರನೆಯದನ್ನು ನಾವು ಮಂಡಿ ಪರೀಕ್ಷೆ ಅನ್ನುತ್ತೇವೆ, ಅಮ್ಮನ ಮಂಡಿ. ಎಷ್ಟು ಮೆಟ್ಟಿಲು, ಎಷ್ಟು ಬಿಸಿಲು, ಎಷ್ಟು ದೂರ ಬರಿಗಾಲು.

ಇನ್ನು ದುಡ್ಡು. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಮೈಸೂರು, ಹಾಸನ, ಹೊಸಪೇಟೆಯಂಥ ಊರುಗಳಲ್ಲಿ ಬಾಡಿಗೆ ರೂಮಿಗೆ, ಮಲೆನಾಡು-ಕೊಡಗಿನ ಹೋಂಸ್ಟೇಗಳಲ್ಲಿ ಸಾಮಾನ್ಯವಾಗಿ ತಲೆಗೆ. ಊಟ ಸೇರಿದೆ ಅನ್ನುವುದು ನಿಜ. ಆದರೆ ಇಬ್ಬರಿಗೆ ಅಗ್ಗವೆನಿಸಿದ ಜಾಗ ಐದು ಜನರ ಮನೆಗೆ ಕೈ ಸುಡುತ್ತದೆ. ರಾತ್ರಿ ರೈಲಿನಲ್ಲಿ ಹೋಗಿ ಬಂದರೆ ಬೇಕಾಗುವುದು ಒಂದೇ ರಾತ್ರಿಯ ರೂಮು. ಇನ್ನೊಂದು ಮಾತು: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ರಾಜಹಂಸ, ಐರಾವತದಂಥವಕ್ಕೆ ಇದು ಅನ್ವಯಿಸುವುದಿಲ್ಲ. ಅಮ್ಮ, ಅಕ್ಕ, ಅತ್ತಿಗೆ ಸೇರಿ ಹೊರಟ ಕುಟುಂಬದಲ್ಲಿ ಇದರಿಂದ ಉಳಿಯುವ ಹಣ ಸಣ್ಣದಲ್ಲ. ಸೀಟು ಸಿಗುವುದು ಮಾತ್ರ ನಿಮ್ಮ ಅದೃಷ್ಟ.

ಮೈಸೂರು: ಎಲ್ಲರೂ ನೋಡಿದ್ದೇವೆ ಅನ್ನುವ ಊರು

"ಮೈಸೂರಾ? ಸ್ಕೂಲ್ ಟೂರಲ್ಲೇ ನೋಡಿದ್ದೀನಿ" ಅನ್ನುವವರಿಗೆ ನನ್ನದೊಂದು ಮರುಪ್ರಶ್ನೆ. ಬೆಳಗ್ಗೆ ಆರೂವರೆಗೆ ದೇವರಾಜ ಮಾರುಕಟ್ಟೆಯೊಳಗೆ ಹೋಗಿದ್ದೀರಾ? ಹೂವಿನ ಸಾಲಿನಲ್ಲಿ ಬುಟ್ಟಿಗಳ ಮೇಲಿನ ಒದ್ದೆ ಗೋಣಿತಾಟು ಆಗಷ್ಟೇ ಸರಿಯುತ್ತಿರುತ್ತದೆ. ಮಲ್ಲಿಗೆ ಮಾರುವ ಹೆಂಗಸು ಮೊಳಕೈಯಿಂದ ಬೆರಳ ತುದಿವರೆಗೆ ದಂಡೆ ಎಳೆದು ಮೊಳ ಹಾಕುತ್ತಾಳೆ. ನಮ್ಮಮ್ಮ ತನ್ನ ಕೈ ಚಾಚಿ ಇನ್ನೊಮ್ಮೆ ಅಳೆಯುತ್ತಾಳೆ, ಯಾರ ಮೊಳ ಉದ್ದ ಅಂತ ಇಬ್ಬರಿಗೂ ವಾದ. ಕೊನೆಗೆ ಎರಡು ಬೆರಳಷ್ಟು ಹೆಚ್ಚಿಗೆ ಕತ್ತರಿಸಿ ಕೊಟ್ಟು ಆಕೆಯೇ ನಗುತ್ತಾಳೆ. ಪಕ್ಕದಲ್ಲಿ ಗೋಪುರದಂತೆ ಪೇರಿಸಿದ ಕುಂಕುಮ, ಆಚೆ ವೀಳ್ಯದೆಲೆ ಕಟ್ಟು, ನಂಜನಗೂಡು ರಸಬಾಳೆ. ಹತ್ತು ಗಂಟೆಗೆ ಹೋದರೆ ಇದೇ ಜಾಗ ಬರೀ ನೂಕುನುಗ್ಗಲು.

ಅಳತೆಗೆ ಹಿಡಿದರೆ ಮೈಸೂರಿಗೆ ಅಂಕ ಜಾಸ್ತಿ. 145 ಕಿ.ಮೀ. ಒಳಗೆ, ರೈಲು ಬೇಕಾದಷ್ಟು, ಮೂರು ಗಂಟೆಯೂ ಹಿಡಿಯದ ಗಾಡಿಗಳೂ ಇವೆ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲಿದ್ದರೂ ಮೇಲಿನವರೆಗೆ ಬಸ್ಸಿದೆ. ಮಗುವಿದ್ದರೆ 1892ರಲ್ಲಿ ಶುರುವಾದ ಮೃಗಾಲಯ, ಅದಕ್ಕೆ ಅಂಟಿಕೊಂಡಂತೆ ಕಾರಂಜಿ ಕೆರೆ. ಅರಮನೆಯ ದೀಪ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ ಬೆಳಗುತ್ತದೆ. ಹಾಗಾಗಿ ಶನಿವಾರ ರಾತ್ರಿಯೇ ವಾಪಸ್ ಬರುವ ಯೋಜನೆ ಹಾಕಬೇಡಿ. 1897ರಲ್ಲಿ ಮರದ ಅರಮನೆ ಸುಟ್ಟುಹೋಗಿ 1912ಕ್ಕೆ ಈಗಿನದು ಮುಗಿಯಿತು ಅನ್ನುವ ಕಥೆಯನ್ನು ಒಳಗೆ ಗೈಡು ಹೇಳುತ್ತಾನೆ, ಆದರೆ ಆ ಕಾಲದ ಮೈಸೂರನ್ನು ನೋಡಬೇಕಾದರೆ ಅಗ್ರಹಾರ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಬೀದಿಗಳಲ್ಲಿ ಸುಮ್ಮನೆ ನಡೆಯಬೇಕು. ಸಂಜೆಗೆ ಕುಕ್ಕರಹಳ್ಳಿ ಕೆರೆ ಏರಿ. ಕುವೆಂಪು ನಡೆದಾಡುತ್ತಿದ್ದ ದಾರಿ, ಈಗಲೂ ನಡೆಯುವವರದೇ.

ಕೊರತೆ? ದಸರೆಯಲ್ಲೂ ಡಿಸೆಂಬರ್ ರಜೆಯಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಬೈಕಿನವರಿಗೆ 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆ ಬಂದ್, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹೊಸದೇನನ್ನೋ ಕಂಡ ರೋಮಾಂಚನ ಬೇಕಾದವರಿಗೆ ಈ ಊರು ಸಪ್ಪೆ ಅನ್ನಿಸಬಹುದು.

ಅಂಥವರಿಗೆ ಅಲ್ಲಿಂದ 50 ಕಿ.ಮೀ. ದೂರದ ಮೇಲುಕೋಟೆ. ಒಂದು ರಾತ್ರಿಗೆ ಸಾಕು, ಎರಡು ರಾತ್ರಿಗೆ ಜಾಸ್ತಿ. ಕಲ್ಯಾಣಿ, ಚೆಲುವನಾರಾಯಣ, ಮುಗಿಯದೇ ನಿಂತ ರಾಯಗೋಪುರ, ಪು.ತಿ.ನ. ಅವರ ಮನೆ ಎಲ್ಲವೂ ನಡಿಗೆಯ ದೂರ. ಬೆಟ್ಟದ ಮೇಲಿನ ಯೋಗಾನರಸಿಂಹನಿಗೆ ಮಾತ್ರ ಮೆಟ್ಟಿಲು ಹತ್ತಲೇಬೇಕು, ಮಂಡಿ ಪರೀಕ್ಷೆಯಲ್ಲಿ ಅಮ್ಮ ಕೆಳಗೇ ಪುಳಿಯೋಗರೆ ಪೊಟ್ಟಣ ಹಿಡಿದು ಕೂತಳು, ದುಃಖವೇನೂ ಇದ್ದಂತಿರಲಿಲ್ಲ. ವಸತಿ ಬೆರಳೆಣಿಕೆಯಷ್ಟು, ಮೊದಲೇ ಗೊತ್ತು ಮಾಡಿಕೊಳ್ಳಿ. ವೈರಮುಡಿ ಉತ್ಸವದ ವಾರದಲ್ಲಿ ಅದೂ ಸಿಗುವುದಿಲ್ಲ.

ಬೇಲೂರಿಗೆ ಹೊರಟವರು ಕಾಲುಚೀಲ ಒಯ್ಯಿರಿ

ಕಲ್ಲು ನೋಡಬೇಕು, ಆದರೆ ದೂರ ಹೋಗಲಾಗದು ಅನ್ನುವವರಿಗೆ ಹಾಸನ ಸರಿ. ಯಶವಂತಪುರದಿಂದ ಶ್ರವಣಬೆಳಗೊಳದ ಮೇಲೆ ಹೋಗುವ ರೈಲುಗಳು 2017ರಲ್ಲಿ ಶುರುವಾದ ಮೇಲೆ ದಾರಿ ಸಲೀಸಾಗಿದೆ. ಹಾಸನದಿಂದ ಬೇಲೂರು ನಲವತ್ತು ಕಿ.ಮೀ. ಒಳಗೆ, ಬೇಲೂರಿನಿಂದ ಹಳೇಬೀಡು 16. ಎರಡಕ್ಕೂ ಸಾರಿಗೆ ಬಸ್ಸು ಓಡಾಡುತ್ತಲೇ ಇರುತ್ತದೆ. 1117ರ ಚೆನ್ನಕೇಶವನೂ ಹಳೇಬೀಡಿನ ಹೊಯ್ಸಳೇಶ್ವರನೂ ಸೋಮನಾಥಪುರದ ಜೊತೆ 2023ರಲ್ಲಿ ವಿಶ್ವಪರಂಪರೆ ಪಟ್ಟಿ ಸೇರಿದ ಮೇಲೆ ಜನ ಹೆಚ್ಚಿದ್ದಾರೆ. ಎರಡೂ ಕಡೆ ನೆಲ ಸಮ, ಮೆಟ್ಟಿಲ ಕಾಟವಿಲ್ಲ. ಕಾಟ ಇರುವುದು ಅಂಗಳದ ಕಲ್ಲುಚಪ್ಪಡಿಯಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಹೋದರೆ ಮದನಿಕೆಯರಿಗಿಂತ ಚೆನ್ನಾಗಿ ನೀವೇ ಕುಣಿಯುತ್ತೀರಿ. ದಪ್ಪ ಕಾಲುಚೀಲ ಒಂದು ಜೊತೆ ಬ್ಯಾಗಿನಲ್ಲಿರಲಿ.

ಹಾಸನದಲ್ಲಿ ರೂಮು ಮಾಡಿದರೆ ಹೋಟೆಲು, ಬಸ್ಸು ಅನುಕೂಲ, ಆದರೆ ಆ ಊರಿನಲ್ಲಿ ಸಂಜೆ ಕಳೆಯುವುದಕ್ಕೆ ಹೆಚ್ಚೇನೂ ಇಲ್ಲ. ಬೇಲೂರಿನಲ್ಲೇ ಉಳಿದರೆ ವಸತಿಯ ಆಯ್ಕೆ ಕಡಿಮೆ, ಪ್ರತಿಯಾಗಿ ಟೂರಿಸ್ಟ್ ಬಸ್ಸುಗಳು ಬರುವ ಮುಂಚಿನ ಬೆಳಗು ಪೂರ್ತಿ ನಿಮ್ಮದು. ನಾನಾದರೆ ಬೇಲೂರು. ಶ್ರವಣಬೆಳಗೊಳವನ್ನು ಇದೇ ಎರಡು ದಿನದಲ್ಲಿ ತುರುಕಬೇಡಿ. ಆರುನೂರಕ್ಕೂ ಮಿಕ್ಕಿದ ಮೆಟ್ಟಿಲು ಹತ್ತಿಳಿದ ಮೇಲೆ ಬೇಲೂರಿನ ಸೂಕ್ಷ್ಮ ಕೆತ್ತನೆ ನೋಡುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ.

ಬೆಟ್ಟದ ಬಗ್ಗೆ ಚುಟುಕಾಗಿ

ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಬಗ್ಗೆ ನನಗೆ ತಕರಾರಿಲ್ಲ, ಶನಿವಾರದ ಮಡಿಕೇರಿಯ ಬಗ್ಗೆ ಇದೆ. ಒಂದು ಉದ್ದದ ವಾರಾಂತ್ಯದಲ್ಲಿ ಬೆಟ್ಟದ ರಸ್ತೆಯಲ್ಲಿ ಕಾರುಗಳ ಹಿಂದೆ ಮೂರು ಗಂಟೆ ನಿಂತು, ಹೋಂಸ್ಟೇಗೆ ಹೋದಾಗ ಮಧ್ಯಾಹ್ನದ ಊಟ ಆರಿ ತಣ್ಣಗಾಗಿತ್ತು. ಮೂರು ಗಂಟೆಯಲ್ಲಿ ಕಂಡ ಪ್ರಕೃತಿಯೆಂದರೆ ಮುಂದಿನ ಗಾಡಿಯ ನಂಬರ್ ಪ್ಲೇಟು. ಕೊಡಗಿಗೆ ರೈಲೇ ಇಲ್ಲ, ಚಿಕ್ಕಮಗಳೂರಿಗೆ ಇದ್ದರೂ ಕಡಿಮೆ, ಎರಡೂ ಕಡೆ ನೋಡುವ ಜಾಗಕ್ಕೆಲ್ಲ ವಾಹನ ಬೇಕು. ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, ಅದನ್ನು ಹತ್ತುವ ಆಸೆಯಿದ್ದರೆ ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗಿ. ಏನನ್ನೂ ನೋಡುವುದು ಬೇಡ, ತೋಟದ ಮನೆಯ ಜಗಲಿಯಲ್ಲಿ ಮಳೆ ನೋಡುತ್ತ ಕಡಂಬುಟ್ಟು, ಪಂದಿಕರಿ ಹೊಡೆದು ಮಲಗುತ್ತೇವೆ ಅನ್ನುವ ಇಬ್ಬರಿಗೆ ಮಾತ್ರ ಇದು ಶನಿವಾರಕ್ಕೂ ಸರಿ. ಅಂಥವರು ಊರೊಳಗೆ ಇಳಿಯಲೇಬೇಡಿ.

ಹಂಪಿಯೋ ಬಾದಾಮಿಯೋ

ನಿಜವಾದ ಇಕ್ಕಟ್ಟು ಇದು. ಎರಡೂ ರಾತ್ರಿ ರೈಲಿನ ಊರು, ಎರಡೂ ಕಲ್ಲು ಮತ್ತು ನೀರು, ಎರಡೂ ಕಡೆ ಏಪ್ರಿಲ್-ಮೇ ಅಂದರೆ ಕಾದ ಕಾವಲಿ. ನವೆಂಬರಿನಿಂದ ಫೆಬ್ರವರಿ ಹದವಾದ ಕಾಲ. ಮಳೆಗಾಲದ ಕೊನೆಯೂ ಕೆಟ್ಟದ್ದಲ್ಲ.

ಹಂಪಿ ದೊಡ್ಡದು, ಹರಡಿಕೊಂಡದ್ದು. ವಿರೂಪಾಕ್ಷನ ಗುಡಿ, ಹೇಮಕೂಟದ ಮೇಲಿನ ಸೂರ್ಯಾಸ್ತ ನಡಿಗೆಯಲ್ಲಿ ಮುಗಿಯುತ್ತವೆ. ಕಮಲಮಹಲು, ವಿಜಯವಿಠ್ಠಲಕ್ಕೆ ಆಟೋ ಹಿಡಿಯಬೇಕು. ವಿಠ್ಠಲ ದೇವಸ್ಥಾನಕ್ಕೆ ಕೊನೆಯ ಒಂದು ಕಿಲೋಮೀಟರ್ ಬ್ಯಾಟರಿ ಗಾಡಿ ಇರುವುದರಿಂದ ಹಿರಿಯರೂ ಬರಬಹುದು, ಕ್ಯೂ ಮಾತ್ರ ಬೆಳಗ್ಗೆ ಒಂಬತ್ತರ ಒಳಗೆ ಸಣ್ಣದು. ಎಲ್ಲಿ ಉಳಿಯುವುದು ಅನ್ನುವುದು ಜೇಬಿನ ಪ್ರಶ್ನೆ. ಹಂಪಿಯಿಂದ 13 ಕಿ.ಮೀ. ದೂರದ ಹೊಸಪೇಟೆಯಲ್ಲಿ ಅಗ್ಗದ ಲಾಡ್ಜಿನಿಂದ ದೊಡ್ಡ ಹೋಟೆಲಿನವರೆಗೆ ಎಲ್ಲವೂ ಇವೆ, ರೈಲಿಗೂ ಹತ್ತಿರ. ರೂಮು ಹಿಡಿಯುವ ಮುಂಚೆ ಒಂದು ಕೇಳಿ: ಚೆಕ್‌ಔಟ್ 24 ಗಂಟೆ ಲೆಕ್ಕವೋ, ಮಧ್ಯಾಹ್ನ ಹನ್ನೆರಡರ ಲೆಕ್ಕವೋ? ಬೆಳಗ್ಗೆ ಏಳಕ್ಕೆ ಇಳಿದವರನ್ನು ಹನ್ನೆರಡರ ಲೆಕ್ಕದವರು ಐದು ಗಂಟೆ ಸೋಫಾದಲ್ಲಿ ಕೂರಿಸುತ್ತಾರೆ, ಇಲ್ಲವೇ ಇನ್ನೊಂದು ದಿನದ ಬಾಡಿಗೆ ಕೇಳುತ್ತಾರೆ. ನಾನು ಸೋಫಾದಲ್ಲಿ ಕೂತು ಕಲಿತ ಪಾಠ ಇದು.

ನದಿಯಾಚೆಯ ಆನೆಗೊಂದಿ ಇನ್ನೊಂದೇ ಲೋಕ. ಭತ್ತದ ಗದ್ದೆ, ಬಾಳೆನಾರಿನಲ್ಲಿ ಬುಟ್ಟಿ ಹೆಣೆಯುವ ಹೆಂಗಸರು, ಹಳೆಯ ಮನೆಗಳ ವಸತಿ. ಎರಡು ದಿನವೂ ಓಡಾಟ ಬೇಡ ಅನ್ನುವವರು ಅಲ್ಲೇ ಉಳಿಯಲಿ. ಪಕ್ಕದ ಅಂಜನಾದ್ರಿಗೆ 575 ಮೆಟ್ಟಿಲು, ಮಂಡಿಯವರಿಗಲ್ಲ. ತುಂಗಭದ್ರೆ ತುಂಬಿದಾಗ ದೋಣಿ ನಿಲ್ಲುತ್ತದೆ, ಆಗ ರಸ್ತೆಯಲ್ಲಿ ಸುತ್ತಿಕೊಂಡೇ ಬರಬೇಕು.

ಬಾದಾಮಿ ಇದಕ್ಕೆ ತದ್ವಿರುದ್ಧ, ಅಂಗೈಯಲ್ಲಿ ಹಿಡಿಯಬಹುದಾದ ಊರು. ಅಗಸ್ತ್ಯತೀರ್ಥದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಗುಹೆ, ಭೂತನಾಥ, ಮ್ಯೂಸಿಯಂ ಎಲ್ಲವೂ ದಾರಿಯಲ್ಲೇ. ಮೂರನೇ ಗುಹೆಯಲ್ಲಿ 578ರ ಶಾಸನವಿದೆ. ಇಸವಿ ಇಷ್ಟು ಖಚಿತವಾಗಿ ಗೊತ್ತಿರುವ ಹಳೆಯ ಗುಹಾಲಯ ಅಪರೂಪ. ಗುಹೆಗೆ ಎತ್ತರೆತ್ತರದ ಮೆಟ್ಟಿಲು, ಮಂಗಗಳ ಕಾಟ ಬೇರೆ, ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಹೋಗಬೇಡಿ. ಎರಡನೇ ದಿನಕ್ಕೆ 22 ಕಿ.ಮೀ. ದೂರದ ಪಟ್ಟದಕಲ್ಲು, ಅಲ್ಲಿಂದ ಮುಂದೆ ಐಹೊಳೆ. ದುಡ್ಡು ಉಳಿಸಬೇಕಾದರೆ ಬಸ್ಸಿದೆ, ಸಮಯ ಉಳಿಸಬೇಕಾದರೆ ದಿನದ ಬಾಡಿಗೆಗೆ ಆಟೋ ಅಥವಾ ಕಾರು.

ಬಾದಾಮಿಗೆ ನಾನು ಒಂದು ಅಂಕ ಜಾಸ್ತಿ ಕೊಡುವುದು ಐದು ಕಿ.ಮೀ. ಆಚೆಯ ಬನಶಂಕರಿಯಿಂದಾಗಿ. ಗುಡಿಯ ಮುಂದೆ ಹೊಂಡದ ಪಕ್ಕ ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. "ಬರ್ರಿ ಅಣ್ಣಾರ, ರೊಟ್ಟಿ ಊಟ ಮಾಡ್ರಿ." ಬಟ್ಟೆ ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಿಳಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕೆಂಪು ಚಟ್ನಿಯನ್ನು ಬೆರಳ ತುದಿಯಲ್ಲಿ ಮುಟ್ಟಿದ ನನ್ನ ಮಗ ಅರ್ಧ ಬಾಟಲಿ ನೀರು ಕುಡಿದ. ಆಕೆ ಕೇಳದೆಯೇ ಇನ್ನೊಂದು ಚಮಚ ಮೊಸರು ಹಾಕಿ "ಸಣ್ಣವ ಅದಾನ, ಖಾರ ಹತ್ತೇತಿ" ಅಂದಳು.

ಕೊರತೆ ಸಮಯದ್ದು. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರು ಬಿಡುವುದು ರಾತ್ರಿಯಲ್ಲ, ಸಂಜೆ. ಶುಕ್ರವಾರ ಆಫೀಸಿಗೆ ಅರ್ಧ ದಿನ ಚಕ್ಕರ್ ಹೊಡೆಯದೆ ಆಗದು. ಬೆಳಗಿನ ಜಾವ ಇಳಿದರೆ ಸ್ಟೇಷನ್ನಿಂದ ಊರು ಮತ್ತೆ ಐದು ಕಿ.ಮೀ. ವಸತಿಯ ಆಯ್ಕೆ ಹೊಸಪೇಟೆಯಷ್ಟಿಲ್ಲ. ಹಾಗಾಗಿ ಮೊದಲ ಸಲ ಹೋಗುವವರು, ಗುಂಪಿನಲ್ಲಿ ನಾನಾ ರುಚಿಯ ಜನ ಇರುವವರು ಹಂಪಿಗೆ ಹೋಗಲಿ. ಹಂಪಿ ನೋಡಿಯಾಗಿದೆ, ಗದ್ದಲ ಬೇಡ, ಅರ್ಧ ದಿನ ರಜೆ ಸಿಗುತ್ತದೆ ಅನ್ನುವವರು ಕಣ್ಣು ಮುಚ್ಚಿ ಬಾದಾಮಿ.

ನೋಡುವುದಕ್ಕಿಂತ ಇರುವುದಕ್ಕೆ: ಧಾರವಾಡ, ಉಡುಪಿ

ಧಾರವಾಡಕ್ಕೆ ಸುಮ್ಮನೆ ಹೋಗಿ ಬರುವವರು ಕಡಿಮೆ. "ಅಲ್ಲೇನಿದೆ?" ಎಂಬುದು ಖಾಯಂ ಪ್ರಶ್ನೆ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಇದೆ, ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಇದೆ, 1890ರ ವಿದ್ಯಾವರ್ಧಕ ಸಂಘ ಇದೆ, ಲೈನ್ ಬಜಾರಿನಲ್ಲಿ ಪೇಢೆಗೆ ಸಾಲು ಇದೆ. ಸಂಜೆ ಗಿರ್ಮಿಟ್ಟು, ಮಿರ್ಚಿ. 2023ರ ಜೂನಿನಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ಓಡುತ್ತಿದೆ, ಹಗಲಲ್ಲಿ ಕೂತೇ ಹೋಗಬಹುದು, ಆದರೆ ಅದರ ಟಿಕೆಟ್ಟಿಗೂ ರಾತ್ರಿ ಸ್ಲೀಪರ್‌ಗೂ ಅಜಗಜಾಂತರ. ಓದುವ, ಹಾಡು ಕೇಳುವ ಚಟವಿಲ್ಲದ ಮಕ್ಕಳನ್ನು ಕರೆದೊಯ್ದರೆ ಅರ್ಧ ದಿನದಲ್ಲಿ ಬೇಜಾರಾದೀತು. ನನಗಂತೂ ಈ ಪಟ್ಟಿಯಲ್ಲಿ ಮೂರನೇ ಸಲ ಹೋಗಬೇಕೆನಿಸಿದ್ದು ಇದೊಂದೇ ಊರಿಗೆ.

ಉಡುಪಿ ಮೂರು ತಲೆಮಾರಿಗೂ ಒಗ್ಗುವ ಊರು. ರಥಬೀದಿಯಲ್ಲಿ ಅಷ್ಟಮಠ, ಅನಂತೇಶ್ವರ, ಚಂದ್ರಮೌಳೇಶ್ವರ ಎಲ್ಲವೂ ಒಂದೇ ಸುತ್ತಿನಲ್ಲಿ. ಅಜ್ಜಿ ಕನಕನ ಕಿಂಡಿಯ ಬಳಿ ಇದ್ದರೆ ಮಕ್ಕಳು ಸಿಟಿ ಬಸ್ಸು ಹತ್ತಿ ಮಲ್ಪೆ ಕಡಲಿಗೆ. ಗೋಳಿಬಜೆ, ಬನ್ಸು, ಪತ್ರೊಡೆಗೆ ಪ್ರತ್ಯೇಕ ಸಮಯ ತೆಗೆದಿಡಿ. ಕಂಬ ಕಂಬವಾಗಿ ನಿಂತ ಲಾವಾ ಕಲ್ಲಿನ ಸೇಂಟ್ ಮೇರಿಸ್ ದ್ವೀಪವೇ ಮುಖ್ಯ ಅನ್ನುವುದಾದರೆ ಮಳೆಗಾಲದಲ್ಲಿ ಹೋಗಬೇಡಿ, ದೋಣಿ ಬಿಡುವುದಿಲ್ಲ. ಜುಲೈ-ಆಗಸ್ಟಿನಲ್ಲಿ ಶಿರಾಡಿ ಘಾಟಿ ಕುಸಿದು ಬಸ್ಸು, ರೈಲು ತಡವಾಗುವುದೂ ಉಂಟು, ಸೋಮವಾರ ಬೆಳಗ್ಗೆ ಮೀಟಿಂಗ್ ಇದ್ದವರು ಯೋಚಿಸಿ. ಸಮಸಂಖ್ಯೆಯ ವರ್ಷಗಳ ಜನವರಿ 18 ಪರ್ಯಾಯದ ದಿನ, ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಅದನ್ನು ನೋಡಲೆಂದೇ ಹೋಗುವುದಾದರೆ ತಿಂಗಳುಗಟ್ಟಲೆ ಮುಂಚೆ ರೂಮು, ಇಲ್ಲದಿದ್ದರೆ ಆ ವಾರ ಆ ಕಡೆ ತಲೆ ಹಾಕಬೇಡಿ.

ಊರು ಬಿಡದೆ ಹೋಗುವುದು: ಬಸವನಗುಡಿ, ಮಲ್ಲೇಶ್ವರ

ನಗಬೇಡಿ. ವೈಟ್‌ಫೀಲ್ಡಿನಲ್ಲಿ ಆರು ವರ್ಷ ಇದ್ದೂ ಗಾಂಧಿಬಜಾರ್ ನೋಡದವರು ನನಗೆ ಗೊತ್ತು. ಒಂದು ರಾತ್ರಿಗೆ ಜಯನಗರ-ಬಸವನಗುಡಿ ಆಸುಪಾಸಲ್ಲಿ ರೂಮು ಹಿಡಿದು, ಕಾರು ಮನೆಯಲ್ಲೇ ಬಿಟ್ಟು ಮೆಟ್ರೊದಲ್ಲಿ ಬನ್ನಿ. ವೈಟ್‌ಫೀಲ್ಡಿನವರು ಮೆಜೆಸ್ಟಿಕ್‌ನಲ್ಲಿ ಬದಲಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯಬಹುದು, ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗ ಆರ್.ವಿ. ರಸ್ತೆವರೆಗೆ ಇದೆ, ಅಲ್ಲಿಂದ ಹಸಿರು ಮಾರ್ಗ. ಪ್ರಯಾಣದಲ್ಲಿ ಹೋಗುವುದು ಒಂದೋ ಒಂದೂವರೆಯೋ ಗಂಟೆ, ಎಚ್ಚರದ ಗಂಟೆಯ ಲೆಕ್ಕದಲ್ಲಿ ಇದನ್ನು ಸೋಲಿಸುವ ಊರಿಲ್ಲ.

ಎರಡೂ 1898ರ ಪ್ಲೇಗಿನ ನಂತರ ಹುಟ್ಟಿದ ಬಡಾವಣೆಗಳು, ಅಕ್ಕತಂಗಿಯರಂತೆ. ಆದರೂ ಸ್ವಭಾವ ಬೇರೆ. ಬಸವನಗುಡಿಯಲ್ಲಿ ಬೆಳಗ್ಗೆ ಲಾಲ್‌ಬಾಗು, 1943ರಿಂದ ಇರುವ ವಿದ್ಯಾರ್ಥಿ ಭವನದ ದೋಸೆ, ದೊಡ್ಡ ಬಸವಣ್ಣ, ಕಹಳೆ ಬಂಡೆ, ಸಂಜೆ ಗೋಖಲೆ ಸಂಸ್ಥೆಯಲ್ಲೋ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲೋ ಒಂದು ಉಪನ್ಯಾಸ ಅಥವಾ ಕಛೇರಿ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಹಿಂದಿನ ಶನಿವಾರದಿಂದಲೇ ರಾಶಿಗಳು ಬೀಳುತ್ತವೆ, ಹುಬ್ಬಳ್ಳಿಯವರು ಬೆಂಗಳೂರಿಗೆ ಬರುವುದಾದರೆ ಆ ವಾರಾಂತ್ಯವೇ ಬರಲಿ. ಮಲ್ಲೇಶ್ವರ ಕೊಳ್ಳುವವರದು, ತಿರುಗುವವರದು. ಸಂಪಿಗೆ ರಸ್ತೆ, ಎಂಟನೇ ಕ್ರಾಸಿನ ಸಂಜೆ, ಕಾಡು ಮಲ್ಲೇಶ್ವರ, ಎದುರಿಗೇ ನಂದಿತೀರ್ಥ, 1882ರ ಸ್ಯಾಂಕಿ ಕೆರೆ. ಮೊಣಕಾಲು ನೋಯುವವರಿಗೆ ಬಸವನಗುಡಿಯ ಮರದ ನೆರಳೇ ವಾಸಿ, ಸೀರೆ ಕೊಳ್ಳುವವರಿದ್ದರೆ ಮಲ್ಲೇಶ್ವರವೇ. ಖರ್ಚು ಎಲ್ಲಿ ಹೆಚ್ಚಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ರೈಲಿನ ಊರು ಆರಿಸಿಕೊಂಡವರಿಗೆ ಒಂದು ವಿಷಯ. ಮುಂಗಡ ಬುಕಿಂಗ್ ಈಗ ತೆರೆಯುವುದು 60 ದಿನ ಮುಂಚೆ, ಹಬ್ಬದ ವಾರಾಂತ್ಯದ ಸ್ಲೀಪರ್ ಬೇಗ ಮುಗಿಯುತ್ತದೆ. ಗುರುವಾರ ಸಂಜೆ ನನಗೆ ಫೋನು ಮಾಡಿದರೆ ಆಗಲೇ ತತ್ಕಾಲ್ ಟಿಕೆಟ್ಟೂ ಬಹುತೇಕ ಮುಗಿದಿರುತ್ತದೆ. ಆಗ ನಾನು ಹೇಳುವುದು ಎರಡೇ: ಮೈಸೂರು, ಇಲ್ಲವೇ ಬಸವನಗುಡಿ.